ನಿಮ್ಮ ಹೆಸರಿನಲ್ಲಿ ಎತ್ತಿಟ್ಟಿದೆ

ತೂಕದ ಮಾಮ ಸೂಜಿಗೆ ಹೆದರಿ ಸತ್ತರು ಎಂದು ಭದ್ರಾವತಿಯ ನಮ್ಮ ಹಳೆಯ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಕೊರೊನಾದ ಎರಡನೆಯ ಅಲೆಯಲ್ಲಿ ಲಸಿಕೆ ಬೀದಿಯ ಕೊನೆಗೇ ಬಂದಿತ್ತು, ಆದರೂ ಹೋಗಲಿಲ್ಲ, ಯಾರು ಕರೆದರೂ ನಕ್ಕು ಮಾತು ತೇಲಿಸಿದರು, ಆಮೇಲೆ ಹೋಗಿಯೇ ಬಿಟ್ಟರು. ಕಥೆ ಇಷ್ಟೇ. ಚಿಕ್ಕದಾಗಿದೆ, ಒಳಗೊಂದು ನೀತಿ ಇದೆ, ಹೇಳುವವರಿಗೆ ಸಮಾಧಾನವೂ ಇದೆ. ನನ್ನ ತಕರಾರು ಒಂದೇ. ಹೆದರಿದವರನ್ನು ಆ ದಿನಗಳಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಅವರು ನಗುತ್ತಿರಲಿಲ್ಲ. ಜಗಳಕ್ಕೆ ಬರುತ್ತಿದ್ದರು, ಬಾಗಿಲು ಹಾಕಿಕೊಳ್ಳುತ್ತಿದ್ದರು, ಹಿಂದಿನ ದಿನ ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ನಮಗೇ ಒಪ್ಪಿಸುತ್ತಿದ್ದರು. ಮಾಮ ಇದ್ಯಾವುದನ್ನೂ ಮಾಡಲಿಲ್ಲ. ಹೆದರಿದ ಮನುಷ್ಯ ನಕ್ಕಿದ್ದು ಯಾಕೆ ಎಂದು ಇಷ್ಟು ವರ್ಷಗಳಲ್ಲಿ ಆ ಬೀದಿಯ ಒಬ್ಬರೂ ಕೇಳಿಲ್ಲ. ಎಲ್ಲದಕ್ಕೂ ಪ್ರಶ್ನೆ ಹಾಕುವ ನಾನೂ ಕೇಳಿಲ್ಲ. ನನಗೆ ಉತ್ತರ ಗೊತ್ತಿತ್ತು.

ಕಳೆದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಮ್ಮನ ಜೊತೆ ಬಟ್ಟೆ ಅಂಗಡಿಗಳನ್ನು ಸುತ್ತುತ್ತಿದ್ದೆ. ಒಂದು ಅಂಗಡಿಯ ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ಕೂತಿದ್ದಾಗ ಫೋನು ಸದ್ದು ಮಾಡಿತು. ಹಿಂದೆ ಯಾವಾಗಲೋ ನಂಬರ್ ಕೊಟ್ಟಿದ್ದ ಇನ್ನೊಂದು ಅಂಗಡಿಯ ಮೆಸೇಜು: "ನಿಮ್ಮ ಹೆಸರಿನಲ್ಲಿ ಒಂದು ಸೀರೆ ಎತ್ತಿಟ್ಟಿದೆ. ಬಂದು ಪಡೆಯಿರಿ." ಎದುರಿಗೆ ಹರವಿದ್ದ ಸೀರೆಗಳ ಬಣ್ಣವೆಲ್ಲ ಒಂದೇ ಆದಂತೆ ಕಂಡಿತು.

"ಏನಾಯ್ತೇ? ಮುಖ ಯಾಕೆ ಹಿಂಗೆ ಬಿಳಿಚ್ಕೊಂಡಿದೆ?" ಎಂದಳು ಅಮ್ಮ.

"ಏನಿಲ್ಲಮ್ಮ, ಅಂಗಡಿ ಮೆಸೇಜು."

"ಯಾವ ಅಂಗಡಿದು? ಡಿಸ್ಕೌಂಟ್ ಏನಾದ್ರೂ ಇದೆಯಾ ನೋಡು."

ಆ ವಾಕ್ಯ ನನ್ನದು. ಕದ್ದಿದ್ದಾರೆ ಎನ್ನುತ್ತಿಲ್ಲ, ಅಂಥ ವಾಕ್ಯ ಯಾರಿಗೆ ಬೇಕಾದರೂ ಹೊಳೆಯಬಹುದು. ಆದರೆ ಆ ಬೇಸಿಗೆಯಲ್ಲಿ, 'ಸೀರೆ' ಇರುವ ಜಾಗದಲ್ಲಿ 'ಲಸಿಕೆ' ಎಂದು ಬರೆದವಳು ನಾನು. 'ಎತ್ತಿಟ್ಟಿದೆ' ಎಂಬ ಮಾತು ನನಗೆ ಬಂದದ್ದು ತೂಕದ ಮಾಮನಿಂದ.

ಅವರಿಗೆ ಹೆಸರು ಇತ್ತು, ಯಾರೂ ಬಳಸುತ್ತಿರಲಿಲ್ಲ ಅಷ್ಟೇ. ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ಕಾಲೊನಿಯಲ್ಲಿ, ನಮ್ಮ ಬೀದಿಯಿದ್ದದ್ದೂ ಅಲ್ಲೇ, ಕೆಲಸಗಾರರಿಗೆಂದು ಒಂದು ಸೊಸೈಟಿ ಅಂಗಡಿಯಿತ್ತು. ಅಕ್ಕಿ, ಸಕ್ಕರೆ, ಎಣ್ಣೆ ಕಾರ್ಡಿನ ಮೇಲೆ ಸಿಗುತ್ತಿದ್ದದ್ದು ಅಲ್ಲಿ. ಅದರ ತಕ್ಕಡಿಯ ಹಿಂದೆ ಮೂವತ್ತು ವರ್ಷ ನಿಂತವರು ಅವರು. ಮನೆಮಾತು ತಮಿಳು. ಕನ್ನಡದಲ್ಲಿ ಬೈಯುವಾಗಲೂ ಕೊನೆಗೊಂದು 'ಕಣ್ಣು' ಸೇರಿಸುತ್ತಿದ್ದರು, ಚಿನ್ನ ಎನ್ನುವ ಅರ್ಥದಲ್ಲಿ. ಹತ್ತಿರ ಬಂದರೆ ಗೋಣಿಚೀಲದ ವಾಸನೆ, ಅದರೊಳಗೆ ಒಂದಿಷ್ಟು ಸೀಮೆಎಣ್ಣೆ. ರಿಟೈರ್ ಆದ ಮೇಲೂ ಆ ವಾಸನೆ ಹೋಗಿರಲಿಲ್ಲ, ಅಥವಾ ನನ್ನ ಮೂಗಿಗೆ ಹೋಗಿರಲಿಲ್ಲ...

ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ. ಸೊಸೈಟಿಗೆ ಕರೆಂಟಿನ ತಕ್ಕಡಿ ಬಂದಾಗ ಹಳೆಯದನ್ನು ಅವರು ಕೇಳಿ ಪಡೆದುಕೊಂಡು ಜಗಲಿಯ ಮೇಲೆ ತೂಗುಹಾಕಿದ್ದರು. ಎರಡು ತಟ್ಟೆ, ಕಬ್ಬಿಣದ ತೂಕದ ಕಲ್ಲುಗಳು. ನಾನು ಐದನೆಯ ಕ್ಲಾಸಿನಲ್ಲಿ ಮೊದಲ ಸಲ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಾಗ ಮನೆಯಲ್ಲಿ ಕೇಳಿಸಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ. ಮಾಮ ಕರೆದರು. "ನಂಗೆ ಹೇಳು, ತೂಗಿ ಕೊಡ್ತೀನಿ."

ನಿಜವಾಗಿಯೂ ತೂಗಿದರು. ನಾನು ಒಂದು ಅಂಶ ಹೇಳಿದರೆ ಬಲಗಡೆಯ ತಟ್ಟೆಗೆ ಒಂದು ಕಲ್ಲು. ಅದಕ್ಕೆ ಅವರ ಅನುಮಾನ ಎಡಗಡೆಯ ತಟ್ಟೆಗೆ ಇನ್ನೊಂದು ಕಲ್ಲು. "ಇದು ಇನ್ನೂರು ಗ್ರಾಮು." "ಇದು ಅರ್ಧ ಕೆಜಿ, ಚೆನ್ನಾಗಿದೆ." "ಇದೇನಮ್ಮ ಇದು, ಖಾಲಿ ಚೀಲ, ಗಾಳಿಗೆ ಹಾರೋಗುತ್ತೆ." ನಾನು ರೇಗುತ್ತಿದ್ದೆ. ಅದು ಅರ್ಧ ಕೆಜಿ ಆಗಲೇಬೇಕು ಎಂದು ಗಂಟಲು ಏರಿಸುತ್ತಿದ್ದೆ. ಅವರು ಕಲ್ಲನ್ನು ಅಂಗೈಯಲ್ಲಿ ಹಾರಿಸಿ ಹಿಡಿಯುತ್ತ, "ಕೂಗಿದ್ರೆ ತೂಕ ಜಾಸ್ತಿ ಆಗಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಕಾಲೇಜಿನ ದಿನಗಳಲ್ಲಿ ನಾವು ಶಿವಮೊಗ್ಗದ ಆಲ್ಕೊಳಕ್ಕೆ ಮನೆ ಬದಲಿಸಿದೆವು. ಆದರೂ ದೊಡ್ಡ ಸ್ಪರ್ಧೆಗಳಿಗೆ ಮೊದಲು ಬಸ್ಸು ಹತ್ತಿ ಆ ಜಗಲಿಗೆ ಹೋಗುತ್ತಿದ್ದೆ. ಒಮ್ಮೆ ನಾನು ಸ್ವಲ್ಪವೂ ಒಪ್ಪದ ಒಂದು ವಿಷಯದ ಪರವಾಗಿ ಮಾತಾಡಿ ಶೀಲ್ಡ್ ಗೆದ್ದು ತಂದು ತೋರಿಸಿದೆ. ಶೀಲ್ಡನ್ನು ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ತೂಕ ಅಂದಾಜು ಮಾಡಿ, ವಾಪಸು ಕೊಟ್ಟರು. "ನಂಬಿರೋದಕ್ಕಿಂತ ನಂಬದೇ ಇರೋದನ್ನೇ ಚೆನ್ನಾಗಿ ಹೇಳ್ತೀಯ ಕಣ್ಣು. ಅದೇ ನಂಗೆ ಭಯ."

ಆಗ ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಸೊಸೈಟಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಾಮಾನಿನ ಲೋಡು ಕಡಿಮೆ ಬಂದ ತಿಂಗಳು ಮೊದಲು ಬಂದವರೆಲ್ಲ ಬಳಿದುಕೊಂಡು ಹೋದರೆ ಎರಡನೆಯ ಪಾಳಿ ಮುಗಿಸಿ ಬರುವವರಿಗೆ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಮಾಮ ಪ್ರತಿ ಕಾರ್ಡಿನ ಪಾಲನ್ನು ಮೊದಲೇ ತೂಗಿ, ಬಟ್ಟೆ ಚೀಲಕ್ಕೆ ಹಾಕಿ, ನಂಬರಿನ ಚೀಟಿ ಕಟ್ಟಿ ಹಿಂದಿನ ಕೋಣೆಯಲ್ಲಿ ಸಾಲಾಗಿ ಇಡುತ್ತಿದ್ದರು. ಮೈಯೆಲ್ಲ ಮಸಿಯಾಗಿ, ಏದುಸಿರು ಬಿಡುತ್ತ ಓಡಿಬಂದವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಿಮ್ಮದು ಎತ್ತಿಟ್ಟಿದೆ." ಆ ಮಾತು ಕೇಳಿದೊಡನೆ ಜನರ ಭುಜ ಹೇಗೆ ಕೆಳಗಿಳಿಯುತ್ತಿತ್ತು ಎಂಬುದನ್ನು ನಾನು ಕೌಂಟರಿನ ಪಕ್ಕ ನಿಂತು ನೋಡಿದ್ದೇನೆ. ಅಪ್ಪನ ಭುಜವೂ ಹಾಗೆ ಇಳಿದದ್ದುಂಟು.

ಯಾರ ಮನೆಯಲ್ಲಾದರೂ ಬಾಣಂತನವೋ ಸಾವೋ ಬಂದು ಅವರ ಪಾಲು ಸಾಲದೆ ಹೋದರೆ, ಬೇರೆ ಯಾರಾದರೂ ತಮ್ಮ ಪಾಲನ್ನು ಬಿಟ್ಟುಕೊಡಬಹುದಿತ್ತು. ಒಂದು ಚೀಟಿ ಬರೆದರೆ ಸಾಕು: ನನ್ನ ಕಾರ್ಡಿನ ಪಾಲನ್ನು ಇವರಿಗೆ ಕೊಡುವುದು, ಇಂತಿ. ಎರಡೇ ನಿಯಮ. ಬಿಟ್ಟುಕೊಟ್ಟವರು ಮುಂದಿನ ಲೋಡು ಬರುವವರೆಗೆ ಮತ್ತೆ ಕೇಳುವಂತಿಲ್ಲ. ಬಿಟ್ಟುಕೊಟ್ಟದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಬರವಣಿಗೆಯಲ್ಲಿ ಎಲ್ಲೂ ಇರದ ನಿಯಮಗಳು, ಆದರೆ ಕಾಲೊನಿಯಲ್ಲಿ ಮುರಿದವರನ್ನು ನಾನು ಕಾಣೆ. ನನ್ನ ನಾಮಕರಣಕ್ಕೆ ಹೆಚ್ಚಿನ ಸಕ್ಕರೆ ಬಂದದ್ದು ಯಾರ ಮನೆಯಿಂದ ಎಂದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಆ ಬೇಸಿಗೆ.

ಹಿಂದಿನ ವರ್ಷ ಯಾರಿಗೆ ಫೋನ್ ಮಾಡಿದರೂ ಮೊದಲು ಯಾರೋ ಕೆಮ್ಮುವ ಸದ್ದು ಕೇಳುತ್ತಿತ್ತು, ಆಮೇಲೆ ಎಚ್ಚರಿಕೆಯ ಮಾತು. ಅದಕ್ಕೆ ನಗುತ್ತಿದ್ದೆವು. ಎರಡನೆಯ ವರ್ಷ ಫೋನು ಬಂದರೆ ಎತ್ತಲು ಹೆದರುತ್ತಿದ್ದೆವು. ಅಪ್ಪ ಸ್ನಾನದ ಮನೆಯಲ್ಲಿ ಗಂಟಲು ಸರಿಮಾಡಿಕೊಂಡರೆ ನಾನೂ ಅಮ್ಮನೂ ಅಡುಗೆಮನೆಯಲ್ಲಿ ಮಾತು ನಿಲ್ಲಿಸುತ್ತಿದ್ದೆವು. ಆಲ್ಕೊಳ ಸರ್ಕಲ್ಲಿನಲ್ಲಿ ಆಂಬುಲೆನ್ಸ್ ಯಾವ ಕಡೆ ತಿರುಗಿತು ಎಂದು ಸದ್ದಿನಲ್ಲೇ ಗುರುತಿಸುವುದನ್ನು ಕಲಿತಿದ್ದೆವು. ಕಾಲೇಜು ಮುಚ್ಚಿತ್ತು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನಿಸಿ, ಭದ್ರಾವತಿಯಲ್ಲಿ ನಮ್ಮ ಹಳೆಯ ಬೀದಿಯ ಕೊನೆಗಿದ್ದ ಲಸಿಕೆ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಟೋಕನ್ ಬರೆಯುವುದು, ಸುತ್ತಲಿನ ಜನರಿಗೆ ಮೆಸೇಜು ಕಳಿಸುವುದು ನನ್ನ ಕೆಲಸ. ಮೆಸೇಜುಗಳ ಉಸ್ತುವಾರಿಗೆ ಒಬ್ಬ ಮೇಡಂ ಇದ್ದರು.

ಮೊದಲ ವಾರ ಯಾರೂ ಬರಲಿಲ್ಲ. ಪೆಟ್ಟಿಗೆ ಬರುತ್ತಿತ್ತು, ಜನ ಇಲ್ಲ. ಆಗ ಹೋಗುತ್ತಿದ್ದ ಮೆಸೇಜು ಹೀಗಿತ್ತು: ಲಸಿಕೆ ಪಡೆಯದೆ ನಿಮ್ಮ ಮನೆಯವರಿಗೆ ಏನಾದರೂ ಆದರೆ ಅದಕ್ಕೆ ನೀವೇ ಹೊಣೆ. ನಾನು ಮೇಡಂ ಜೊತೆ ವಾದಕ್ಕೆ ಇಳಿದೆ. ಜನ ಈಗಾಗಲೇ ಹೆದರಿದ್ದಾರೆ, ಇನ್ನಷ್ಟು ಹೆದರಿಸಿದರೆ ಹೊರಗೆ ಬರುವುದಿಲ್ಲ, ಇನ್ನೊಂದು ಚಿಲಕ ಹಾಕಿಕೊಳ್ಳುತ್ತಾರೆ ಎಂದೆ. ಈ ಮೆಸೇಜು ಓದಿದವರಿಗೆ ಏನೋ ಕಳೆದುಕೊಳ್ಳುತ್ತೇವೆ ಎನ್ನಿಸಬೇಕು, ಬಲವಂತ ಮಾಡುತ್ತಿದ್ದಾರೆ ಎನ್ನಿಸಬಾರದು ಎಂದೆ.

"ಹಂಗಾದ್ರೆ ನೀನೇ ಹೇಳಮ್ಮ, ಏನಂತ ಬರೆಯೋಣ?"

ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಆ ಕಾಲೊನಿಯ ಕಿವಿಗೆ ಯಾವ ಮಾತು ಇಳಿಯುತ್ತದೆ ಎಂದು ನನಗೆ ಹುಟ್ಟಿನಿಂದ ಗೊತ್ತು. "ನಿಮ್ಮ ಹೆಸರಿನಲ್ಲಿ ಒಂದು ಲಸಿಕೆ ಎತ್ತಿಟ್ಟಿದೆ. ಬಂದು ಪಡೆಯಿರಿ."

ಮೇಡಂ ಓದಿದರು. "ಎತ್ತಿಟ್ಟಿದೀವಾ ನಾವು?"

ಎತ್ತಿಟ್ಟಿರಲಿಲ್ಲ. ಬೆಳಿಗ್ಗೆ ಒಂದು ಪೆಟ್ಟಿಗೆ ಬರುತ್ತಿತ್ತು, ಸಾಲಿನಲ್ಲಿ ನಿಂತವರಿಗೆ ಹಾಕುತ್ತಿದ್ದರು. ಯಾವ ಬಾಟಲಿಯ ಮೇಲೂ ಯಾರ ಹೆಸರೂ ಇರಲಿಲ್ಲ. ಆದರೆ ನಾನು ಶೀಲ್ಡ್ ಗೆದ್ದವಳು. "ಎಲ್ಲರಿಗೂ ಕೊಡ್ತೀವಿ ಅಂತ ಹೇಳಿದ ಮೇಲೆ ಎಲ್ಲರ ಹೆಸರಲ್ಲೂ ಒಂದು ಇದೆ ಅಂತಲೇ ಅರ್ಥ ಅಲ್ವಾ ಮೇಡಂ? ಸುಳ್ಳು ಎಲ್ಲಿದೆ ಇದರಲ್ಲಿ?" ಅವರು ಕಣ್ಣು ಉಜ್ಜಿಕೊಂಡರು. ಬೆಳಗಿನಿಂದ ಅವರ ಫೋನಿಗೆ ಸಾವಿನ ಸುದ್ದಿಗಳೇ ಬರುತ್ತಿದ್ದವು. "ವಾದ ಮಾಡೋಕೆ ಶಕ್ತಿ ಇಲ್ಲ ನಂಗೆ. ಜನ ಬಂದ್ರೆ ಸಾಕು. ಕಳ್ಸು."

ಜನ ಬಂದರು. ಮಾರನೆಯ ದಿನ ಬಾಗಿಲು ತೆಗೆಯುವ ಮೊದಲೇ ಸಾಲು ರಸ್ತೆಗೆ ಬಂದಿತ್ತು. ರಿಟೈರ್ ಆದವರು, ಅವರ ಹೆಂಡತಿಯರು, ಕೈಯಲ್ಲಿ ಮೊಬೈಲು ಹಿಡಿದು ಮೆಸೇಜನ್ನು ನನ್ನ ಕಣ್ಣಿನ ಮುಂದೆ ಹಿಡಿಯುತ್ತಿದ್ದರು. "ನೋಡಮ್ಮ, ನಂದು ಎತ್ತಿಟ್ಟಿದ್ದೀರಂತೆ." ಮಾಸ್ಕಿನ ಒಳಗೆ ನಾನು ನಗುತ್ತಿದ್ದೆ. ಅಷ್ಟು ಭಯದ ನಡುವೆ ಒಂದು ವಾಕ್ಯ ಇಷ್ಟು ಜನರನ್ನು ಮನೆಯಿಂದ ಎಬ್ಬಿಸಿ ತಂದಿತಲ್ಲ ಎಂಬ ಹೆಮ್ಮೆ. ಮಾಮನಿಗೆ ಹೇಳಬೇಕು, ಇದಕ್ಕೆ ಐದು ಕೆಜಿಯ ಕಲ್ಲನ್ನೇ ಹಾಕಿಸಬೇಕು ಎಂದುಕೊಂಡೆ. ಸಾಲಿನಲ್ಲಿ ಅವರ ಮುಖ ಹುಡುಕಿದೆ. ಬಂದಿರಲಿಲ್ಲ.

ನಾಲ್ಕನೆಯ ದಿನ ಮಾಮನ ಪಕ್ಕದ ಮನೆಯ ಅಕ್ಕ ಬಂದಳು. ಅವಳು ಶಿವಮೊಗ್ಗದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು, ಚಿಕ್ಕ ಮಕ್ಕಳಿಬ್ಬರು. ಎಲ್ಲರೂ ಒಳಗಿದ್ದ ಕಾಲದಲ್ಲಿ ದಿನಾ ಹೊರಗೆ ಹೋಗಿ ಕೆಮ್ಮುವವರಿಗೆ ಮಾತ್ರೆ ಕೊಡುವವಳು. ಅವಳಿಗೆ ನಮ್ಮ ಮೆಸೇಜು ಹೋಗಿರಲಿಲ್ಲ, ಪಟ್ಟಿಯಲ್ಲಿ ಮೊದಲು ವಯಸ್ಸಾದವರಿದ್ದರು. ಸಾಲಿನಲ್ಲಿ ನಿಂತು ಅವಳ ಸರದಿ ಬಂದಾಗ ಆಧಾರ್ ಕಾರ್ಡಿನ ಜೊತೆಗೆ ಒಂದು ಮಡಿಸಿದ ಚೀಟಿ ಕೊಟ್ಟಳು.

ಪಕ್ಕದಲ್ಲಿದ್ದ ನರ್ಸ್ ಬಗ್ಗಿ ನೋಡಿ, "ಏನ್ ತಾಯಿ ಇದು, ರೇಷನ್ ಅಂಗಡಿ ಅಂದ್ಕೊಂಡ್ರಾ?" ಎಂದು ನಕ್ಕಳು.

ಕ್ಯಾಲೆಂಡರಿನ ಹಾಳೆಯ ಹಿಂಬದಿ. ದುಂಡು ಅಕ್ಷರ, ಅಡಿಗೆರೆ ಎಳೆದು ಬರೆದದ್ದು. "ನನ್ನ ಹೆಸರಿನಲ್ಲಿ ಎತ್ತಿಟ್ಟಿರುವ ಒಂದು ಇಂಜೆಕ್ಷನ್ನನ್ನು ಇವರಿಗೆ ಕೊಡುವುದು. ಇಂತಿ." ಕೆಳಗೆ ಸಹಿ. ಸಹಿಯ ಪಕ್ಕ ಕಾಲೊನಿಯ ಹಳೆಯ ಕಾರ್ಡಿನ ನಂಬರು.

"ಮಾಮ ಕೊಟ್ಟು ಕಳಿಸಿದ್ರು," ಎಂದಳು ಅಕ್ಕ ಮೆಲ್ಲಗೆ. "ನಂಗಿಂತ ಈ ಹುಡುಗಿಗೆ ಬೇಕು ಅಂತ. ಯಾರಿಗೂ ಹೇಳಬಾರದು ಅಂದಿದಾರೆ."

ಚೀಟಿ ಇಲ್ಲದಿದ್ದರೂ ಅವಳಿಗೆ ಲಸಿಕೆ ಸಿಗುತ್ತಿತ್ತು. ಸಿಕ್ಕಿತು ಕೂಡ. ನಾನು ಆಗಲೇ ಹೇಳಬಹುದಿತ್ತು: ಅಕ್ಕ, ಇದೆಲ್ಲ ಬೇಕಿಲ್ಲ, ಯಾರ ಹೆಸರಿನಲ್ಲೂ ಏನೂ ಎತ್ತಿಟ್ಟಿಲ್ಲ, ಹೋಗಿ ಮಾಮನನ್ನು ಕರೆದುಕೊಂಡು ಬಾ. ಆದರೆ ಅವಳ ಹಿಂದೆ ಆ ಸಾಲು. ಆರಡಿ ಅಂತರದಲ್ಲಿ ನಿಂತಿದ್ದರೂ ಕಿವಿಗಳೆಲ್ಲ ನನ್ನ ಮೇಜಿನ ಮೇಲಿದ್ದವು. ನಾನು ಟೋಕನ್ ಬರೆದು ಕೊಟ್ಟೆ. ಚೀಟಿಯನ್ನು ರಿಜಿಸ್ಟರಿನ ಅಡಿಗೆ ಸರಿಸಿದೆ.

ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಕೂತು ಅವರಿಗೆ ಫೋನ್ ಮಾಡಿದೆ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂರಬೇಕಿತ್ತಲ್ಲ, ಹಾಗೆ ಕೂತಿದ್ದ ಕಾಲೊನಿಯ ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ಇದ್ದರು.

"ಏನ್ ಕಣ್ಣು, ಊಟ ಆಯ್ತಾ?"

"ಆಯ್ತು ಮಾಮ. ನೀವು ಬಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ. ಇವತ್ತೇ ಬನ್ನಿ."

"ನಂದು ಕೊಟ್ಟಾಯ್ತಲ್ಲ. ಎರಡೆರಡು ಸಲ ಕೇಳೋಕೆ ನಾನೇನು ನಾಚಿಕೆ ಬಿಟ್ಟವನಾ? ಮೂವತ್ತು ವರ್ಷ ಬೇರೆಯವರಿಗೆ ಬುದ್ಧಿ ಹೇಳಿದೀನಿ."

"ಇದು ಸೊಸೈಟಿ ಅಲ್ಲ ಮಾಮ."

ಅವರು ನಕ್ಕರು. ಬೀದಿಯವರೆಲ್ಲ ಮುಂದೆ ಭಯ ಎಂದು ಓದಿಕೊಂಡದ್ದು ಆ ನಗುವನ್ನೇ. ಬಿಟ್ಟುಕೊಟ್ಟವರು ಹೇಳಿಕೊಳ್ಳಬಾರದು, ಅದಕ್ಕೆ ಯಾರು ಕೇಳಿದರೂ ಹಾಗೆ ನಗುತ್ತಿದ್ದರು. ಆಮೇಲೆ ಅವರ ದನಿ ಬದಲಾಯಿತು. ಜಗಲಿಯಲ್ಲಿ ಕೂತು ನನ್ನ ವಾದದ ತೂತು ಹುಡುಕುವಾಗಿನ ದನಿ.

"ಒಂದು ಮಾತು ಕೇಳ್ತೀನಿ. ನಿಜವಾಗ್ಲೂ ಒಬ್ಬೊಬ್ಬರ ಹೆಸರು ಹಿಡಿದು ಎತ್ತಿಟ್ಟಿದಾರಾ?"

ಪಕ್ಕದ ಹೆಂಗಸರಲ್ಲಿ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದು ನಾನು ಒಂದು ಮಾತು ಹೇಳಿದರೆ ಸಂಜೆಯೊಳಗೆ ಕಾಲೊನಿಯಲ್ಲಿ ಹರಡುತ್ತದೆ, ಮೆಸೇಜು ಸುಳ್ಳಂತೆ ಎಂಬುದು ಇಂಜೆಕ್ಷನ್ನೇ ಸುಳ್ಳಂತೆ ಎಂದಾಗಲು ನಾಲ್ಕು ಮನೆ ದಾಟಿದರೆ ಸಾಕು, ನಾಳೆ ಸಾಲು ಇರುವುದಿಲ್ಲ. ಒಂದು ಕಡೆ ಒಬ್ಬ ಮನುಷ್ಯ, ಇನ್ನೊಂದು ಕಡೆ ಒಂದು ಸಾಲು. ಇಷ್ಟನ್ನೂ ನಾನು ಒಂದು ಉಸಿರಿನಲ್ಲಿ ಲೆಕ್ಕ ಹಾಕಿದೆ. ತರಬೇತಿ ಆದದ್ದೇ ಅದಕ್ಕೆ.

"ಹೂಂ ಮಾಮ," ಎಂದೆ.

ಆ ಕಡೆಯಿಂದ ಮಾತಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ನಾನು ಏನು ಹೇಳಿದರೂ ಅದಕ್ಕೊಂದು ಗ್ರಾಮು ಹೇಳದೆ ಬಿಡದವರು ಆವತ್ತು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸರಿ ಕಣ್ಣು. ಮುಂದಿನ ಲೋಡಿಗೆ ನೋಡೋಣ. ನಿಮ್ಮಪ್ಪನ್ನ ಹುಷಾರಾಗಿ ನೋಡ್ಕೋ" ಎಂದು ಇಟ್ಟರು.

ನನಗೆ ಉಪಾಯ ಸಿಕ್ಕಿತ್ತು. ಒಂದೆರಡು ದಿನ ಬಿಟ್ಟು ಅವರ ನಂಬರಿಗೆ ಮಾತ್ರ ಇನ್ನೊಂದು ಮೆಸೇಜು ಕಳಿಸುವುದು: ನಿಮ್ಮ ಹೆಸರಿನಲ್ಲಿ ಇನ್ನೊಂದು ಲಸಿಕೆ ಎತ್ತಿಟ್ಟಿದೆ. ಅವರ ನಿಯಮವನ್ನು ಮುರಿಯದೆ, ನನ್ನ ವಾಕ್ಯವನ್ನೂ ಮುರಿಯದೆ ಅವರನ್ನು ಕರೆತರುವ ದಾರಿ. ಬಹಳ ಜಾಣತನದ ದಾರಿ. ಟೈಪ್ ಕೂಡ ಮಾಡಿಟ್ಟೆ. ಅದೇ ದಿನ ಕಳಿಸಿದರೆ ಅನುಮಾನ ಬರುತ್ತದೆ ಎಂದು ಕಾದೆ.

ಮಾರನೆಯ ದಿನ ಅಪ್ಪನಿಗೆ ಜ್ವರ ಬಂತು.

ಆ ದಿನಗಳನ್ನು ಸರಿಯಾಗಿ ಬರೆಯಲು ನನಗೆ ಆಗುವುದಿಲ್ಲ. ಬಾಗಿಲಿನ ಹೊರಗೆ ಇಟ್ಟ ತಟ್ಟೆ, ಒಳಗಿನ ಕೆಮ್ಮು, ಅಮ್ಮ ಗೋಡೆಗೆ ಕಿವಿಯಿಟ್ಟು ಉಸಿರು ಎಣಿಸುವುದು, ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರದ ಅಂಕಿ ಇಳಿಯುವುದು... ಫೋನಿನಲ್ಲಿ ನಾನು ನೋಡುತ್ತಿದ್ದದ್ದು ಎಲ್ಲಿ ಬೆಡ್ ಇದೆ ಎಂಬುದೊಂದನ್ನೇ. ಟೈಪ್ ಮಾಡಿಟ್ಟ ಮೆಸೇಜು ಅಲ್ಲೇ ಉಳಿಯಿತು. ಮರೆತೆ ಎಂದರೆ ಸುಳ್ಳು. ನೆನಪಾಗುತ್ತಿತ್ತು, ನಾಳೆ ಎನ್ನುತ್ತಿದ್ದೆ.

ಅಪ್ಪ ಉಳಿದರು. ಅವರು ಮೊದಲ ಸಲ ಎದ್ದು ಹೊರಗೆ ಬಂದು ಕಾಫಿ ಕೇಳಿದ ಬೆಳಿಗ್ಗೆ, ಆ ಖುಷಿಯಲ್ಲೇ, ಮೆಸೇಜು ಕಳಿಸಿದೆ. ತಲುಪಿದೆ ಎಂದು ತೋರಿಸಿತು. ಸಮಾಧಾನವಾಯಿತು. ಸಂಜೆ ಅಮ್ಮನಿಗೆ ಹಳೆಯ ಬೀದಿಯಿಂದ ಯಾರೋ ಫೋನ್ ಮಾಡಿದರು. ಅಮ್ಮ ಕೂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ತೂಕದ ಮಾಮ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡು ಆಗಲೇ ಮೂರು ದಿನವಾಗಿತ್ತು. ಯಾರೂ ಮುಖ ನೋಡಲಿಲ್ಲ. ಸುತ್ತಿಕೊಟ್ಟದ್ದನ್ನು ದೂರದಿಂದ ನೋಡಿ ಬಂದದ್ದು ಮಗಳು, ಅಳಿಯ ಇಬ್ಬರೇ.

ಒಂದು ಡೋಸ್ ಹಾಕಿಸಿದ್ದರೆ ಅವರು ಉಳಿಯುತ್ತಿದ್ದರೇ? ಸಾಧಿಸಲಾರೆ. ಉಳಿಯುತ್ತಿರಲಿಲ್ಲ ಎಂದೂ ಸಾಧಿಸಲಾರೆ. ನನ್ನ ವಾಕ್ಯದಿಂದ ಬಂದ ಆ ಸಾಲಿನಲ್ಲಿ ಎಷ್ಟು ಜನ ಇವತ್ತು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ ಎಂಬ ವಾದವೂ ನನ್ನ ಹತ್ತಿರ ಇದೆ, ಬೇಕಾದವರಿಗೆ ನಿಂತಲ್ಲೇ ಮಂಡಿಸಬಲ್ಲೆ. ಅದಕ್ಕೆ ತೂಕವಿದೆ. ಈಗಲೂ ನನಗೆ ಭಯವಾಗುವುದು ಅದಕ್ಕೇ. ಆ ವಾದ ಸುಳ್ಳಾಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ.

ಬೀದಿ ತನ್ನ ತೀರ್ಪು ಕೊಟ್ಟಿತು. ಆಮೇಲೆ ಇನ್ನೊಂದು ಮಾತು ಕಿವಿಗೆ ಬಿತ್ತು. ಮಾಮನ ಮಗಳು 'ಅಪ್ಪನನ್ನು ನಾನೇ ಕೊಂದೆ' ಎಂದು ಅಳುತ್ತಾಳಂತೆ. ಆ ವಾರ ಅವಳೇ ಫೋನಿನಲ್ಲಿ, "ಈಗಲೇ ಹಾಕಿಸ್ಕೋಬೇಡಪ್ಪ, ಏನೇನೋ ಹೇಳ್ತಿದಾರೆ, ಸ್ವಲ್ಪ ತಡಿ" ಎಂದಿದ್ದಳಂತೆ. ಅದನ್ನು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಚೀಟಿ ನನ್ನ ಹತ್ತಿರ ಇತ್ತು, ಸರ್ಟಿಫಿಕೇಟುಗಳ ಫೈಲಿನೊಳಗೆ. ಒಬ್ಬಳು ಮಾಡದ ತಪ್ಪನ್ನು 'ನಾನೇ ಮಾಡಿದೆ' ಎಂದುಕೊಂಡು ಬದುಕುತ್ತಿದ್ದಳು, ನಾನು ವರ್ಷಗಟ್ಟಲೆ ಅದನ್ನು ಅವಳ ಬಳಿಯೇ ಇರಲು ಬಿಟ್ಟೆ.

ಬಟ್ಟೆ ಅಂಗಡಿಯ ಮೆಸೇಜು ಬಂದ ಮೂರನೆಯ ದಿನ ಕುಂಸಿಯ ಬಸ್ಸು ಹತ್ತಿದೆ.

ಮಾಮನ ಮಗಳು ಅಲ್ಲಿ ಬಸ್ ಸ್ಟಾಂಡಿನ ಹತ್ತಿರ ಚಿಕ್ಕ ತಿಂಡಿ ಹೋಟೆಲು ನಡೆಸುತ್ತಾಳೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ನನ್ನನ್ನು ಗುರುತು ಹಿಡಿದು, "ಅಯ್ಯೋ, ಅಪ್ಪನ ಲಾಯರಮ್ಮ!" ಎಂದು ಕೈ ಒರೆಸಿಕೊಳ್ಳುತ್ತ ಬಂದಳು. ಮನೆಯಲ್ಲಿ ಅವರು ನನ್ನನ್ನು ಹಾಗೆ ಕರೆಯುತ್ತಿದ್ದರು ಎಂದು ನನಗೆ ಅವತ್ತೇ ಗೊತ್ತಾದದ್ದು. ಚಹಾ ಕೊಟ್ಟಳು. ಹಿಂದಿನ ಗೋಡೆಯ ಮೊಳೆಗೆ ಆ ಹಳೆಯ ತಕ್ಕಡಿ ನೇತಾಡುತ್ತಿತ್ತು, ಒಂದು ತಟ್ಟೆಯಲ್ಲಿ ಈರುಳ್ಳಿ ತುಂಬಿಟ್ಟಿದ್ದಳು.

ಚೀಟಿಯನ್ನು ಮೇಜಿನ ಮೇಲಿಟ್ಟೆ. ಅವಳು ಮೊದಲು ನಕ್ಕಳು. "ನೋಡು, ಇಂಜೆಕ್ಷನ್‌ಗೂ ಅಡಿಗೆರೆ ಎಳ್ದಿದಾರೆ." ಮತ್ತೊಮ್ಮೆ ಓದಿದಳು. ನಗು ನಿಂತಿತು.

"ಹಂಗಾದ್ರೆ ಹೆದರ್ಕೊಂಡು ಅಲ್ವಾ?"

"ಅಲ್ಲ ಅಕ್ಕ."

"ನಾನು ತಡಿ ಅಂದಿದ್ದಕ್ಕೂ ಅಲ್ವಾ?"

"ಅಲ್ಲ. ನಿಮ್ಮ ಮಾತಿಗೆ ಅವರು ನಿಂತಿದ್ದಲ್ಲ."

ಅವಳು ಬೆಂಚಿನ ಮೇಲೆ ಕೂತಳು. ಭುಜ ಮೆಲ್ಲಗೆ ಕೆಳಗಿಳಿಯಿತು, ಸೊಸೈಟಿಯ ಕೌಂಟರಿನ ಎದುರು ಜನರ ಭುಜ ಇಳಿಯುತ್ತಿದ್ದ ಹಾಗೆಯೇ. ಚೀಟಿಯನ್ನು ಮಡಿಸುತ್ತ, "ಅವರು ಹೋಗಿ ಮೂರು ದಿನಕ್ಕೆ ಫೋನಿಗೆ ಮೆಸೇಜು ಬಂತು" ಎಂದಳು. "ಇನ್ನೊಂದು ಎತ್ತಿಟ್ಟಿದೆ ಅಂತ. ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ ಆ ಫೋನನ್ನೇ ಎತ್ತಿ ಗೋಡೆಗೆ ಹೊಡೆದೆ."

"ಅದನ್ನ ಕಳಿಸಿದ್ದು ನಾನು, ಅಕ್ಕ."

ಆಮೇಲೆ ನಿಲ್ಲಿಸಲಿಲ್ಲ, ಎಲ್ಲ ಹೇಳಿದೆ. ವಾಕ್ಯ ಬರೆದದ್ದು, ಹೆಸರು ಹಿಡಿದು ಏನನ್ನೂ ಎತ್ತಿಟ್ಟಿರಲಿಲ್ಲ ಎಂಬುದು, ಮೆಟ್ಟಿಲ ಮೇಲಿನ ಫೋನು, ಅವರು ಕೇಳಿದ ಪ್ರಶ್ನೆ, ನಾನು ಹೇಳಿದ 'ಹೂಂ'. ಜೀವನದಲ್ಲಿ ಮೊದಲ ಸಲ ಒಂದು ವಿಷಯವನ್ನು ಪರವೂ ಇಲ್ಲದೆ ವಿರೋಧವೂ ಇಲ್ಲದೆ ಹೇಳಿದೆ ಎನ್ನಿಸುತ್ತದೆ. ಚಹಾ ಆರಿಹೋಗಿ ಮೇಲೆ ಕೆನೆ ಕಟ್ಟಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರಗಳಿದ್ದವು.

"ಅವತ್ತು ಸಾಯಂಕಾಲ ಅಪ್ಪ ನಂಗೆ ಫೋನ್ ಮಾಡಿದ್ರು," ಎಂದಳು ಕೊನೆಗೆ. "ಲಾಯರಮ್ಮನ ಹತ್ರ ಮಾತಾಡ್ದೆ, ಅವಳನ್ನ ಒಂದು ಮಾತು ಕೇಳ್ದೆ ಅಂದ್ರು..." ಅಷ್ಟು ಹೇಳಿ ನಿಲ್ಲಿಸಿದಳು. ಎದ್ದು ಒಲೆಯ ಕಡೆಗೆ ಹೋಗಿ, ಉರಿಯದ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದಳು. ನನ್ನ ಕಡೆ ತಿರುಗಲಿಲ್ಲ.

ಹೊರಗೆ ಶಿವಮೊಗ್ಗದ ಬಸ್ಸು ಹಾರ್ನ್ ಹಾಕುತ್ತಿತ್ತು. ನಾನು ಏಳಲಿಲ್ಲ. ಮಾಮನ ಕಿವಿ ತಕ್ಕಡಿಯ ಮುಳ್ಳಿನ ಹಾಗಿತ್ತು, ಒಂದು ಕಾಳು ಕಡಿಮೆಯಾದರೂ ಅವರಿಗೆ ತಿಳಿಯುತ್ತಿತ್ತು. ಇಷ್ಟು ವರ್ಷ ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿರುವುದು ಫೋನಿನಲ್ಲಿನ ಆ ಮೌನ: ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತೇ, ಗೊತ್ತಾಗಿಯೂ ಸರಿ ಎಂದರೇ? ಅವಳ ಬೆನ್ನನ್ನೇ ನೋಡುತ್ತ ಕೇಳಿದೆ:

"ಅಕ್ಕ, ನಾನು ಹೂಂ ಅಂದೆನಲ್ಲ, ಅದು ಎಷ್ಟು ಗ್ರಾಮು ಅಂತ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"